ನಾಯಿಗೆ ಬೆನ್ನುನೋವು: ಬೆನ್ನು ಒತ್ತಿಸುವ ಮೊದಲು ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ

ನಮ್ಮ ಗುಂಡನಿಗೆ ಆಗ ಐದು ವರ್ಷ. ಡ್ಯಾಷ್‌ಹಂಡ್ ಜಾತಿ, ಉದ್ದ ಬೆನ್ನು, ಗಿಡ್ಡ ಕಾಲು. ಒಂದು ಬೆಳಗ್ಗೆ ಸೋಫಾದಿಂದ ಕೆಳಗಿಳಿಯಲೇ ಇಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸುವ ಸದ್ದಿಗೇ ಓಡಿ ಬರುವವನು ಕಣ್ಣು ಮಾತ್ರ ಹೊರಳಿಸಿದ. ಎತ್ತಿಕೊಳ್ಳೋಣ ಅಂತ ಕಂಕುಳಿಗೆ ಕೈ ಹಾಕಿದ್ದೇ ತಡ, ಕಿರುಚಿದ. ಬೆನ್ನು ಸ್ವಲ್ಪ ಗೂನಾಗಿತ್ತು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು.

ಪಕ್ಕದ ಮನೆಯ ಅಂಕಲ್ ನೋಡಿ, "ಉಳುಕಿರಬೇಕು ಕಣಮ್ಮ, ತಿಳಿದವರ ಹತ್ರ ಉಳುಕು ತೆಗೆಸು" ಅಂದರು. ಅದೇ ದಿನ ಗೆಳತಿ ಒಂದು ವಿಡಿಯೊ ಕಳಿಸಿದಳು. ಅಮೆರಿಕದ ಕೈರೊಪ್ರಾಕ್ಟರ್ (ಬೆನ್ನಿನ ಕೀಲುಗಳನ್ನು ಕೈಯಿಂದ ತಳ್ಳಿ ಚಿಕಿತ್ಸೆ ಮಾಡುವವರು) ಒಬ್ಬರು ನಾಯಿಯ ಬೆನ್ನು ಒತ್ತುತ್ತಾರೆ, ಲಟಕ್ ಅಂತ ಸದ್ದಾಗುತ್ತದೆ, ನಾಯಿ ಎದ್ದು ಬಾಲ ಆಡಿಸುತ್ತದೆ. ನಾನು ಗುಂಡನನ್ನು ಮನುಷ್ಯರ ಬೆನ್ನುನೋವಿಗೆ ಕೈಚಿಕಿತ್ಸೆ ಮಾಡುವ ಒಬ್ಬರ ಹತ್ತಿರ ಎತ್ತಿಕೊಂಡು ಹೋದೆ. ಅವರು ಪ್ರೀತಿಯಿಂದಲೇ ಒತ್ತಿದರು, ಎಳೆದರು. ಸಂಜೆ ಗುಂಡನ ಹಿಂಗಾಲುಗಳು ನಡೆಯುವಾಗ ಒಂದಕ್ಕೊಂದು ಅಡ್ಡ ಬರುತ್ತಿದ್ದವು. ಮಾರನೇ ಬೆಳಗ್ಗೆ ಎಡಗಾಲು ಎಳೆಯುತ್ತಿದ್ದ.

ಪಶುವೈದ್ಯರು ಮಾಡಿದ ಮೊದಲ ಕೆಲಸ ಬೆನ್ನು ಮುಟ್ಟುವುದಲ್ಲ. ಹಿಂಗಾಲಿನ ಪಾದವನ್ನು ಮಡಚಿ, ಮೇಲ್ಭಾಗ ನೆಲಕ್ಕೆ ತಾಗುವಂತೆ ಇಟ್ಟರು. ಗುಂಡ ಹಾಗೇ ನಿಂತಿದ್ದ. ಪಾದ ತಿರುಗಿದೆ ಅನ್ನುವುದು ಅವನಿಗೆ ಗೊತ್ತೇ ಆಗಲಿಲ್ಲ. "ಇದು ಉಳುಕಲ್ಲಮ್ಮ, ಬೆನ್ನುಮೂಳೆಯೊಳಗಿನ ನರದ ಹುರಿ ಒತ್ತಿಕೊಂಡಿದೆ" ಅಂದರು.

ಒತ್ತಿದ್ದರಿಂದಲೇ ಹಾಗಾಯಿತು ಎಂದು ನಾನು ಹೇಳಲಾರೆ. ಜಾರಿದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ತನ್ನಷ್ಟಕ್ಕೇ ಇನ್ನಷ್ಟು ಜಾರುವುದೂ ಉಂಟು. ಆದರೆ ಒಂದೂವರೆ ದಿನ ಹೋಯಿತು. ಇನ್ನೊಬ್ಬರ ನಾಯಿಗೆ ಆ ಒಂದೂವರೆ ದಿನ ಹೋಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಕೈರೊಪ್ರಾಕ್ಟಿಕ್ ಬೇಕೋ ಬೇಡವೋ ಅನ್ನುವುದು ಕೊನೆಗೆ ಕೇಳುವ ಪ್ರಶ್ನೆ. ಅದಕ್ಕೆ ಮೊದಲು ನೋಡಬೇಕಾದದ್ದು ಬಹಳ ಇದೆ.

ಇವು ಕಂಡರೆ ಓದುವುದು ನಿಲ್ಲಿಸಿ, ಆಸ್ಪತ್ರೆಗೆ ಹೊರಡಿ

ಹಿಂಗಾಲು ಎಳೆಯುತ್ತಿದೆ, ಅಥವಾ ಎದ್ದು ನಿಲ್ಲಲು ಆಗುತ್ತಿಲ್ಲ. ನಡೆಯುವಾಗ ಕುಡಿದವರ ಹಾಗೆ ವಾಲುತ್ತಿದೆ. 12 ಗಂಟೆಗಳಿಂದ ಮೂತ್ರ ಮಾಡಿಲ್ಲ, ಅಥವಾ ಮಲಗಿದಲ್ಲೇ ಸೋರುತ್ತಿದೆ. ಬಿದ್ದಿದೆ, ಗಾಡಿ ತಾಗಿದೆ, ದೊಡ್ಡ ನಾಯಿ ಕಚ್ಚಿ ಅಲ್ಲಾಡಿಸಿದೆ. ಇವುಗಳಲ್ಲಿ ಒಂದಿದ್ದರೂ ಸಾಕು. ರಾತ್ರಿಯಾದರೂ ಹೊರಡಬೇಕು. ಬೆಂಗಳೂರಿನಲ್ಲಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ರಾತ್ರಿ ಹೊತ್ತು ಎಲ್ಲಿ ತೆರೆದಿರುತ್ತದೆ ಎಂದು ನಾಯಿ ಚೆನ್ನಾಗಿರುವಾಗಲೇ ಫೋನ್ ಮಾಡಿ ತಿಳಿದು, ನಂಬರ್ ಬರೆದಿಟ್ಟುಕೊಳ್ಳಿ.

ಎತ್ತುವ ರೀತಿ ಮುಖ್ಯ. ಕಂಕುಳಲ್ಲಿ ಹಿಡಿದು ಎತ್ತಿದರೆ ಹಿಂಭಾಗ ಜೋತುಬಿದ್ದು ಬೆನ್ನು ಬಾಗುತ್ತದೆ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಪೃಷ್ಠದ ಕೆಳಗೆ, ಬೆನ್ನು ನೆಲಕ್ಕೆ ಸಮವಾಗಿ. ದೊಡ್ಡ ನಾಯಿಯಾದರೆ ಗಟ್ಟಿ ಹಲಗೆಯ ಮೇಲೆ ಮಲಗಿಸಿ ಇಬ್ಬರು ಎತ್ತಿ. ನೋವಿನಲ್ಲಿರುವ ನಾಯಿ ಎಷ್ಟು ಸಾಧುವಾದರೂ ಕಚ್ಚಬಹುದು. ಬಾಯಿಗೆ ಸಡಿಲವಾಗಿ ಒಂದು ಬಟ್ಟೆ ಕಟ್ಟಿ. ವಾಂತಿ ಮಾಡುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ ಮಾತ್ರ ಕಟ್ಟಬೇಡಿ.

ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಮಗೆ ಮಾಮೂಲು. ನಾಯಿಗೆ ಇವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಆಗಲೇ ಏನಾದರೂ ಕೊಟ್ಟುಬಿಟ್ಟಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಅದರ ಮೇಲೆ ಸ್ಟೀರಾಯ್ಡ್ ಇಂಜೆಕ್ಷನ್ ಬಿದ್ದರೆ ಕರುಳಲ್ಲಿ ರಕ್ತಸ್ರಾವ ಆಗುವ ಅಪಾಯ ಜಾಸ್ತಿ.

ಇದು ನಿಜವಾಗಿ ಬೆನ್ನೇನಾ?

ಬೆನ್ನು ಗೂನು ಮಾಡಿ ನಿಲ್ಲುವ ನಾಯಿಗೆಲ್ಲ ಬೆನ್ನುನೋವು ಇರುವುದಿಲ್ಲ. ಹೊಟ್ಟೆನೋವಿಗೂ ನಾಯಿ ಹಾಗೇ ನಿಲ್ಲುತ್ತದೆ. ಮೇದೋಜೀರಕ ಗ್ರಂಥಿ ಊದಿಕೊಂಡಾಗ ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ, ದೇವರಿಗೆ ನಮಸ್ಕಾರ ಮಾಡಿದ ಹಾಗೆ ಇರುತ್ತದೆ. ಜೊತೆಗೆ ವಾಂತಿ, ಊಟ ಬಿಡುವುದು. ಹಬ್ಬದ ಮರುದಿನ ಎಣ್ಣೆ ತಿಂಡಿ, ಮಟನ್ ಕೊಬ್ಬು ತಿಂದ ನಾಯಿಯಲ್ಲಿ ಇದನ್ನು ಮೊದಲು ಯೋಚಿಸಿ. ಸಂತಾನಹರಣ ಮಾಡಿಸದ ವಯಸ್ಸಾದ ಗಂಡುನಾಯಿಗೆ ಪ್ರಾಸ್ಟೇಟ್ ಊದಿದರೂ ಹೀಗೆ ಕಾಣಬಹುದು. ಹೆಣ್ಣುನಾಯಿ ಹೀಟ್‌ಗೆ ಬಂದು ಒಂದೆರಡು ತಿಂಗಳಾಗಿದ್ದು, ನೀರು ಜಾಸ್ತಿ ಕುಡಿಯುತ್ತಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದು ಪ್ರಾಣಕ್ಕೇ ಅಪಾಯ.

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚಾಗಿ ದಾರಿ ತಪ್ಪಿಸುವುದು ಉಣ್ಣಿ ಜ್ವರ. ಎಲ್ಲರೂ ಟಿಕ್ ಫೀವರ್ ಅನ್ನುತ್ತಾರೆ. ಕಂದು ಉಣ್ಣಿ ಕಚ್ಚಿದಾಗ ಎರ್ಲಿಕಿಯಾ, ಬಬೇಸಿಯಾದಂತಹ ಸೂಕ್ಷ್ಮಜೀವಿಗಳು ರಕ್ತಕ್ಕೆ ಸೇರುತ್ತವೆ. ನಾಯಿ ಏಳಲು ಹಿಂದೆಮುಂದೆ ನೋಡುತ್ತದೆ, ಕೀಲುಗಳು ನೋಯುತ್ತವೆ, ಮೆಟ್ಟಿಲು ಹತ್ತುವುದಿಲ್ಲ. ನೋಡಿದವರು ಬೆನ್ನು ಹಿಡಿದಿದೆ ಅಂದುಕೊಳ್ಳುತ್ತಾರೆ. ಹಾಗಾಗಿ ಥರ್ಮಾಮೀಟರ್ ಬೇಕು. ನಾಯಿಯ ಸಹಜ ಉಷ್ಣ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೂಗು ಮುಟ್ಟಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಗುದದಲ್ಲೇ ಇಟ್ಟು ನೋಡಬೇಕು. 103 ದಾಟಿದ್ದರೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಾಲರ್ ಕೆಳಗೆ ಉಣ್ಣಿ ಹುಡುಕಿ. ಸಿಗದಿದ್ದರೂ ರಕ್ತ ಪರೀಕ್ಷೆ ಮಾಡಿಸಿ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ಎಷ್ಟಿದೆ ಅಂತ ಕೇಳಿ. ಎರ್ಲಿಕಿಯಾ ಆದರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಪ್ಲೇಟ್‌ಲೆಟ್ ಇಳಿದ ನಾಯಿಯ ಮೈಯನ್ನು ಯಾರೂ ಜೋರಾಗಿ ಒತ್ತಬಾರದು. ಒಳಗೆ ರಕ್ತ ಒಸರುತ್ತದೆ.

ಇನ್ನು ಸೊಂಟದ ಕೀಲು, ಮೊಣಕಾಲಿನ ಲಿಗಮೆಂಟ್. ಒಂದೇ ಕಾಲು ಕುಂಟುತ್ತಿದ್ದರೆ, ಆ ಕಾಲನ್ನು ಎತ್ತಿ ಹಿಡಿದು ಮೂರು ಕಾಲಲ್ಲಿ ನಡೆಯುತ್ತಿದ್ದರೆ, ತೊಂದರೆ ಬೆನ್ನಿಗಿಂತ ಆ ಕಾಲಲ್ಲೇ ಇರುವ ಸಾಧ್ಯತೆ ಹೆಚ್ಚು. ಲ್ಯಾಬ್ರಡಾರ್ ಕೆರೆಯಲ್ಲಿ ಚೆನ್ನಾಗಿ ಈಜಿ ಬಂದು ಮಾರನೇ ದಿನ ಬಾಲ ಸತ್ತ ಹಾಗೆ ನೇತುಬಿದ್ದರೆ ಗಾಬರಿ ಬೇಡ. ಅದು ಬಾಲದ ಸ್ನಾಯುವಿನ ನೋವು. ಕೆಲವು ದಿನದಲ್ಲಿ ತಾನೇ ಸರಿಹೋಗುತ್ತದೆ.

ಪಾದ ನೋಡಿ, ಉಗುರಿನ ಸದ್ದು ಕೇಳಿ

ಬೆನ್ನುನೋವಿನಲ್ಲಿ ಎರಡು ಬಗೆ. ನೋವು ಮಾತ್ರ ಇರುವುದು ಒಂದು. ನೋವಿನ ಜೊತೆ ನರದ ಕೆಲಸವೂ ಕೆಟ್ಟಿರುವುದು ಇನ್ನೊಂದು. ಮುಂದಿನ ಎಲ್ಲ ನಿರ್ಧಾರ ಈ ವ್ಯತ್ಯಾಸದ ಮೇಲೆ ನಿಂತಿದೆ. ಇದನ್ನು ಮನೆಯಲ್ಲೇ ಸ್ವಲ್ಪ ಮಟ್ಟಿಗೆ ನೋಡಬಹುದು.

ಮೊದಲು ಕಿವಿಗೊಡಿ. ಸಿಮೆಂಟ್ ನೆಲದ ಮೇಲೆ ನಿಧಾನವಾಗಿ ನಡೆಸಿ. ಸರಿಯಾದ ಕಾಲಿಗೆ ಟಕ್ ಟಕ್ ಸದ್ದು. ನರ ಸೋತ ಕಾಲಿಗೆ ಸರ್ರ್ ಅಂತ ತೀಡುವ ಸದ್ದು. ಹಿಂಗಾಲಿನ ನಡು ಎರಡು ಬೆರಳಿನ ಉಗುರು ಮೇಲಿನಿಂದ ಸವೆದಿದೆಯಾ ನೋಡಿ. ಸವೆದಿದ್ದರೆ ಈ ಎಳೆತ ಇವತ್ತಿನದಲ್ಲ, ವಾರಗಳಿಂದ ನಡೆದಿದೆ. ಫೋನ್‌ನಲ್ಲಿ ಹಿಂದಿನಿಂದ ಒಂದು, ಪಕ್ಕದಿಂದ ಒಂದು ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಗೆ ಹೋದಾಗ ಭಯಕ್ಕೆ ನಾಯಿ ಚೆನ್ನಾಗಿ ನಡೆದುಬಿಡುತ್ತದೆ. ಆಗ ಈ ವಿಡಿಯೊ ಬೇಕಾಗುತ್ತದೆ.

ಆಮೇಲೆ ಪಾದದ ಪರೀಕ್ಷೆ. ಜಾರದ ನೆಲದ ಮೇಲೆ, ಚಾಪೆಯಾದರೆ ಒಳ್ಳೆಯದು, ನಾಯಿಯನ್ನು ನಿಲ್ಲಿಸಿ. ಒಂದು ಕೈಯಲ್ಲಿ ಹೊಟ್ಟೆಯ ಕೆಳಗೆ ಆಸರೆ ಕೊಡಿ. ಇನ್ನೊಂದು ಕೈಯಿಂದ ಹಿಂಗಾಲಿನ ಪಾದವನ್ನು ಮೆಲ್ಲಗೆ ಮಡಚಿ, ಮೇಲ್ಭಾಗ ನೆಲಕ್ಕೆ ತಾಗುವಂತೆ ಇಟ್ಟು ಬಿಡಿ. ಚೆನ್ನಾಗಿರುವ ನಾಯಿ ತಕ್ಷಣ ಪಾದ ತಿರುಗಿಸಿಕೊಳ್ಳುತ್ತದೆ. ಎಷ್ಟೋ ನಾಯಿಗಳು ಇಡಲೂ ಬಿಡುವುದಿಲ್ಲ. ಒಂದೆರಡು ಸೆಕೆಂಡ್ ಹಾಗೇ ಬಿಟ್ಟಿತು ಅಂದರೆ, ಪಾದ ಎಲ್ಲಿದೆ ಅನ್ನುವ ಸುದ್ದಿ ಮೆದುಳಿಗೆ ತಲುಪುತ್ತಿಲ್ಲ. ನಾಲ್ಕೂ ಕಾಲಿಗೆ ಮಾಡಿ, ಎರಡೆರಡು ಸಲ. ನಾಲ್ಕೂ ಕಾಲಲ್ಲಿ ತಡವಾದರೆ ತೊಂದರೆ ಕುತ್ತಿಗೆಯಲ್ಲಿರಬಹುದು. ಹಿಂದಿನ ಎರಡರಲ್ಲಿ ಮಾತ್ರ ಆದರೆ ನಡುಬೆನ್ನು ಅಥವಾ ಸೊಂಟ.

ಬೆನ್ನುಮೂಳೆಯನ್ನು ನೀವೇ ಒತ್ತಿ ಒತ್ತಿ ನೋವು ಎಲ್ಲಿದೆ ಅಂತ ಹುಡುಕಬೇಡಿ. ತಲೆಯನ್ನು ಹಿಡಿದು ತಿರುಗಿಸಬೇಡಿ. ತಿಂಡಿ ತೋರಿಸಿ ಅದೇ ತಿರುಗುತ್ತದಾ ನೋಡಿದರೆ ಸಾಕು. ತಲೆ ತಿರುಗಿಸದೆ ಕಣ್ಣು ಮಾತ್ರ ಹೊರಳಿಸಿದರೆ ಕುತ್ತಿಗೆ ನೋಯುತ್ತಿದೆ.

ಡಾಕ್ಟರುಗಳು ಇದನ್ನು ಐದು ಹಂತ ಮಾಡಿಕೊಂಡಿದ್ದಾರೆ. ನೋವು ಮಾತ್ರ ಇದ್ದರೆ ಒಂದನೇ ಹಂತ. ವಾಲುತ್ತದೆ ಆದರೆ ನಡೆಯುತ್ತದೆ, ಎರಡು. ಕಾಲು ಅಲುಗುತ್ತದೆ ಆದರೆ ನಡೆಯಲು ಆಗುವುದಿಲ್ಲ, ಮೂರು. ಕಾಲು ಅಲುಗುವುದೇ ಇಲ್ಲ, ಆದರೆ ಬೆರಳನ್ನು ಬಲವಾಗಿ ಚಿವುಟಿದರೆ ನೋವು ಗೊತ್ತಾಗುತ್ತದೆ, ನಾಲ್ಕು. ಅದೂ ಗೊತ್ತಾಗದಿದ್ದರೆ ಐದು. ಇಲ್ಲಿ ಎಷ್ಟೋ ಜನ ಮೋಸ ಹೋಗುತ್ತಾರೆ. ಚಿವುಟಿದಾಗ ಕಾಲು ಹಿಂದಕ್ಕೆ ಎಳೆದುಕೊಂಡರೆ "ನೋವು ಗೊತ್ತಾಗುತ್ತಿದೆ" ಅಂದುಕೊಳ್ಳುತ್ತಾರೆ. ಕಾಲು ಎಳೆದುಕೊಳ್ಳುವುದು ಬೆನ್ನಿನ ಹುರಿಯಲ್ಲೇ ಮುಗಿಯುವ ಕೆಲಸ, ಮೆದುಳು ಬೇಕಿಲ್ಲ. ನಾಯಿ ತಿರುಗಿ ನೋಡಬೇಕು, ಕೂಗಬೇಕು, ಕಚ್ಚಲು ಬರಬೇಕು. ಆಗ ಮಾತ್ರ ಅದು ನೋವು.

ನೋವು ಗೊತ್ತಾಗುವಾಗಲೇ ಆಪರೇಷನ್ ಆದರೆ ಹತ್ತರಲ್ಲಿ ಒಂಬತ್ತರಷ್ಟು ನಾಯಿಗಳು ಮತ್ತೆ ನಡೆಯುತ್ತವೆ. ಐದನೇ ಹಂತಕ್ಕೆ ಇಳಿದ ಮೇಲೆ ಅದು ಅರ್ಧಕ್ಕಿಂತ ಸ್ವಲ್ಪ ಮೇಲಷ್ಟೇ. ಎರಡನೇ ಹಂತದಿಂದ ಐದಕ್ಕೆ ಒಂದೇ ರಾತ್ರಿಯಲ್ಲಿ ಇಳಿಯುವ ನಾಯಿಗಳಿವೆ. ನಾನು ಕಳೆದ ಒಂದೂವರೆ ದಿನದ ಬೆಲೆ ನನಗೆ ಅರ್ಥವಾದದ್ದು ಇದನ್ನು ಕೇಳಿದಾಗ.

ಬೆನ್ನಿನೊಳಗೆ ಏನಾಗಿರುತ್ತದೆ

ನಾಯಿಗೆ ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 7 ಮೂಳೆಗಳು. ಅದರ ಹಿಂದೆ 3 ಮೂಳೆ ಒಂದಕ್ಕೊಂದು ಬೆಸೆದುಕೊಂಡಿವೆ. ಆಮೇಲೆ ಬಾಲ. ಮೂಳೆಗಳ ನಡುವೆ ಮೆತ್ತೆಯ ಹಾಗೆ ಡಿಸ್ಕ್. ಹೊರಗೆ ನಾರಿನ ಗಟ್ಟಿ ಉಂಗುರ, ಒಳಗೆ ಲೋಳೆ. ಡ್ಯಾಷ್‌ಹಂಡ್, ಬೀಗಲ್, ಪಗ್, ಶಿಟ್ಸು, ಲಾಸಾ, ಫ್ರೆಂಚ್ ಬುಲ್‌ಡಾಗ್, ಕಾಕರ್ ಸ್ಪ್ಯಾನಿಯಲ್‌ಗಳಲ್ಲಿ ಡಿಸ್ಕ್ ಬೇಗ ಮುಪ್ಪಾಗುತ್ತದೆ. ಅದರಲ್ಲೂ ಡ್ಯಾಷ್‌ಹಂಡ್‌ಗೆ ಒಂದೆರಡು ವರ್ಷಕ್ಕೇ ಒಳಗಿನ ಲೋಳೆ ಒಣಗಿ ಸುಣ್ಣದಂತೆ ಆಗತೊಡಗುತ್ತದೆ. ಕಾಲು ಗಿಡ್ಡ ಮಾಡುವ ಜೀನ್‌ಗೂ ಇದಕ್ಕೂ ನಂಟಿದೆ ಎಂದು 2017ರಲ್ಲಿ ಗೊತ್ತಾಯಿತು. ಸುಮಾರು ನಾಲ್ಕರಲ್ಲಿ ಒಂದು ಡ್ಯಾಷ್‌ಹಂಡ್‌ಗೆ ಬದುಕಿನಲ್ಲಿ ಒಮ್ಮೆಯಾದರೂ ಡಿಸ್ಕ್ ತೊಂದರೆ ಬರುತ್ತದೆ, ಹೆಚ್ಚಾಗಿ 3ರಿಂದ 7 ವರ್ಷದೊಳಗೆ.

ಜಾರುವುದು ಸಾಮಾನ್ಯವಾಗಿ ಪಕ್ಕೆಲುಬು ಮುಗಿಯುವ ಜಾಗದ ಆಸುಪಾಸು. ಅದರ ಮುಂದಿನ ಭಾಗಕ್ಕೆ ಪಕ್ಕೆಲುಬುಗಳ ಬಿಗಿ ಇರುತ್ತದೆ. ಅಲ್ಲಿಂದ ಹಿಂದಕ್ಕೆ ಬೆನ್ನು ಜಾಸ್ತಿ ಬಾಗುತ್ತದೆ. ಬಿಗಿ ಮತ್ತು ಸಡಿಲ ಸೇರುವ ಕಡೆ ಪೆಟ್ಟು ಬೀಳುತ್ತದೆ.

ಜನ "ಮೂಳೆ ಜಾರಿದೆ" ಅನ್ನುತ್ತಾರೆ. ಜಾರಿದ್ದು ಮೂಳೆಯಲ್ಲ. ಹೋಳಿಗೆ ತಟ್ಟುವಾಗ ಕಣಕ ಹರಿದು ಹೂರಣ ಹೊರಗೆ ಬರುತ್ತದಲ್ಲ, ಹಾಗೆ ನಾರಿನ ಉಂಗುರ ಹರಿದು ಒಳಗಿನ ಸುಣ್ಣ ಹೊರಗೆ ಬಂದಿರುತ್ತದೆ. ಮೇಲೇ ನರದ ಹುರಿ ಇದೆ, ಅದಕ್ಕೆ ಒತ್ತುತ್ತದೆ. ಹರಿದ ಹೋಳಿಗೆಯನ್ನು ಇನ್ನಷ್ಟು ತಟ್ಟಿದರೆ ಹೂರಣ ಒಳಗೆ ಹೋಗುತ್ತದಾ? ಕೈಯಿಂದ ಒತ್ತಿ ಒಳಗೆ ಕಳಿಸುವ ದಾರಿ ಇಲ್ಲ. ಈ ಒಂದು ಮಾತು ನನಗೆ ಮೊದಲೇ ಗೊತ್ತಿದ್ದರೆ ಗುಂಡನನ್ನು ಒತ್ತಿಸಲು ಒಯ್ಯುತ್ತಿರಲಿಲ್ಲ.

ಬೇರೆ ಜಾತಿ, ಬೇರೆ ವಯಸ್ಸಿಗೆ ಬೇರೆ ಕಾರಣ. ವಯಸ್ಸಾದ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಕಾರು ಹತ್ತಲು ಹಿಂಜರಿದರೆ, ಬಾಲ ಎತ್ತಿದರೆ ನೋವು ಅಂದರೆ, ಸೊಂಟದ ಕೊನೆಯ ಮೂಳೆ ಮತ್ತು ಅದರ ಹಿಂದಿನ ಬೆಸೆದ ಮೂಳೆ ಸೇರುವಲ್ಲಿ ನರ ಇಕ್ಕಟ್ಟಾಗಿರಬಹುದು. ಎಂಟು ವರ್ಷ ದಾಟಿದ ಶೆಫರ್ಡ್ ನೋವೇ ಇಲ್ಲದೆ ನಿಧಾನವಾಗಿ ಹಿಂಗಾಲು ಸೋಲುತ್ತಿದ್ದರೆ ಅದು ನರದ ಹುರಿಯೇ ಸವೆಯುವ ಕಾಯಿಲೆ ಇರಬಹುದು. ಇದಕ್ಕೆ ಯಾವ ಒತ್ತುವಿಕೆಯೂ ನಾಟುವುದಿಲ್ಲ. ಒಂದು ವರ್ಷದೊಳಗಿನ ಬೀಗಲ್‌ಗೆ ಜ್ವರದ ಜೊತೆ ಕುತ್ತಿಗೆ ಬಿಗಿದರೆ ನರದ ಹುರಿಯ ಹೊದಿಕೆ ಊದಿರಬಹುದು. ಜ್ವರ, ತೂಕ ಇಳಿಯುವುದು, ಬೆನ್ನಲ್ಲಿ ಒಂದೇ ಕಡೆ ತಡೆಯಲಾರದ ನೋವು ಇದ್ದರೆ ಡಿಸ್ಕ್‌ಗೆ ಸೋಂಕು ತಗುಲಿರಬಹುದು.

ಮುಧೋಳದಂತಹ ಓಟದ ನಾಯಿ ಮೊಲದ ಹಿಂದೆ ಓಡಿ ಬಂದು ಮಾರನೇ ದಿನ ಬಿಗಿದುಕೊಂಡಿದ್ದರೆ, ಪಾದದ ಪರೀಕ್ಷೆ ಸರಿಯಾಗಿದ್ದರೆ, ಅದು ಸ್ನಾಯು ಸೆಳೆತವೇ ಇರಬಹುದು. ನಿಜವಾದ ಉಳುಕು ಅಂದರೆ ಇದು. ಕೆಲವು ದಿನ ಕಟ್ಟಿಹಾಕಿದರೆ ಸುಧಾರಿಸುತ್ತದೆ.

ಎಕ್ಸ್‌ರೇ ಬಗ್ಗೆ ಒಂದು ಮಾತು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನರದ ಹುರಿ ಕಾಣುವುದಿಲ್ಲ. ಮುರಿತ, ಸೋಂಕು, ಗಡ್ಡೆ ಹುಡುಕಲು ಅದು ಬೇಕು. ಡಿಸ್ಕ್ ಎಲ್ಲಿ ಎಷ್ಟು ಒತ್ತಿದೆ ಅಂತ ನಿಖರವಾಗಿ ಹೇಳಲು ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಬೇಕು. ವಯಸ್ಸಾದ ನಾಯಿಯ ಎಕ್ಸ್‌ರೇಯಲ್ಲಿ ಮೂಳೆಗಳ ನಡುವೆ ಕೊಕ್ಕೆಯಂತಹ ಬೆಳವಣಿಗೆ ಕಂಡು ಮನೆಯವರು ಹೆದರುತ್ತಾರೆ. ಬಹಳಷ್ಟು ಸಲ ಅದು ಮುಪ್ಪಿನ ಗುರುತಷ್ಟೇ, ನೋವಿಗೆ ಕಾರಣ ಬೇರೆ ಇರುತ್ತದೆ. ಅದನ್ನೇ ತೋರಿಸಿ "ಬೆನ್ನು ಸಾಲು ತಪ್ಪಿದೆ, 20 ಸಲ ಬನ್ನಿ" ಅಂದರೆ ಒಪ್ಪಬೇಡಿ.

ಈಗ ಕೈರೊಪ್ರಾಕ್ಟಿಕ್

ಇದು 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಶುರು ಮಾಡಿದ ಪದ್ಧತಿ. ಬೆನ್ನುಮೂಳೆಯ ಕೀಲು ಸರಿಯಾಗಿ ಅಲುಗದಿದ್ದರೆ ನರಕ್ಕೆ ತೊಂದರೆ, ಅದನ್ನು ಕೈಯಿಂದ ಸರಿಪಡಿಸಬೇಕು ಅನ್ನುವುದು ಮೂಲ ವಿಚಾರ. ಪ್ರಾಣಿಗಳಿಗೆ ಇದನ್ನು ಕಲಿಸುವ ವ್ಯವಸ್ಥೆ ಬಂದದ್ದು ತಡವಾಗಿ. ಪಶುವೈದ್ಯೆ ಶರನ್ ವಿಲಬಿ ಮುಂದಾಗಿ 1989ರಲ್ಲಿ ಅಮೆರಿಕದಲ್ಲಿ ಪ್ರಾಣಿ ಕೈರೊಪ್ರಾಕ್ಟಿಕ್ ಸಂಘ ಕಟ್ಟಿದರು. ಅಲ್ಲಿ ಇದನ್ನು ಕಲಿಯುವವರು ಮೊದಲೇ ಪಶುವೈದ್ಯರೋ ಮನುಷ್ಯರ ಕೈರೊಪ್ರಾಕ್ಟರೋ ಆಗಿರಬೇಕು.

ಸರಿಯಾಗಿ ಕಲಿತವರ ಕೈ ಹೇಗಿರುತ್ತದೆ ಅಂದರೆ, ಮೊದಲು ನಾಯಿಯನ್ನು ನಡೆಸಿ ನೋಡುತ್ತಾರೆ. ಆಮೇಲೆ ಒಂದೊಂದೇ ಕೀಲನ್ನು ಬೆರಳಿನಿಂದ ಅಲುಗಿಸಿ ಯಾವುದು ಬಿಗಿದಿದೆ ಅಂತ ಹುಡುಕುತ್ತಾರೆ. ಆ ಒಂದು ಕೀಲಿಗೆ ಒಂದು ಸಣ್ಣ, ಚುರುಕಾದ ತಳ್ಳು. ಕೈ ಕೂದಲೆಳೆಯಷ್ಟೇ ಸರಿಯುತ್ತದೆ. ನಾಯಿಯನ್ನು ಒತ್ತಿ ಹಿಡಿಯುವುದಿಲ್ಲ, ಕಾಲು ಕುತ್ತಿಗೆ ಹಿಡಿದು ತಿರುಚುವುದಿಲ್ಲ. ಲಟಕ್ ಸದ್ದು ಬಂದರೆ ಅದು ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆ ಆಗುವ ಸದ್ದು. ನಾವು ಬೆರಳು ನೆಟಿಗೆ ತೆಗೆದಾಗ ಬರುವುದೂ ಅದೇ. ಮೂಳೆ ತನ್ನ ಜಾಗಕ್ಕೆ ಕೂತ ಸದ್ದಲ್ಲ.

ಇದು ಕೆಲಸ ಮಾಡುತ್ತದಾ? ನಾಯಿಗಳ ಮೇಲೆ ಚೆನ್ನಾಗಿ ನಡೆಸಿದ ಪರೀಕ್ಷೆಗಳು ಬಹಳ ಕಡಿಮೆ. ಬಿಗಿದ ಸ್ನಾಯು, ಗಡುಸಾದ ಕೀಲಿಗೆ ಸ್ವಲ್ಪ ಆರಾಮ ಸಿಗಬಹುದು. ಅದಕ್ಕಿಂತ ದೊಡ್ಡ ಭರವಸೆಗೆ ಆಧಾರ ಸಾಲದು. ಇನ್ನೊಂದು ಮುಖ್ಯ ವಿಷಯ ಇದೆ. ಒಂದನೇ ಹಂತದ ಡಿಸ್ಕ್ ನೋವಿನ ಬಹಳಷ್ಟು ನಾಯಿಗಳು ಬರೀ ವಿಶ್ರಾಂತಿಯಲ್ಲೇ ಸುಧಾರಿಸುತ್ತವೆ. ಆ ವಾರಗಳಲ್ಲಿ ನೀವು ಎಣ್ಣೆ ಹಚ್ಚಿದರೂ, ಒತ್ತಿಸಿದರೂ, ಸುಮ್ನೆ ಬಿಟ್ಟರೂ ನಾಯಿ ಎದ್ದು ನಿಲ್ಲುತ್ತದೆ. ಹೆಸರು ಮಾತ್ರ ಕೊನೆಗೆ ಮುಟ್ಟಿದವರಿಗೆ ಹೋಗುತ್ತದೆ. ವಿಡಿಯೊಗಳಲ್ಲಿ ನಾವು ನೋಡುವುದು ಎದ್ದ ನಾಯಿಗಳನ್ನಷ್ಟೇ ಅಲ್ವಾ? ಏಳದ ನಾಯಿಯ ವಿಡಿಯೊ ಯಾರೂ ಹಾಕುವುದಿಲ್ಲ.

ನನ್ನ ತೀರ್ಮಾನ ಇದು. ಪಾದದ ಪರೀಕ್ಷೆಯಲ್ಲಿ ತಡವಾದ ನಾಯಿಯ ಬೆನ್ನನ್ನು ಯಾರೂ ತಳ್ಳಬಾರದು, ಪರಿಣತರೂ ಕೂಡ. ಡಿಸ್ಕ್ ಜಾರಿದೆ ಎಂಬ ಅನುಮಾನ ಇರುವಾಗ, ಮುರಿತ, ಗಡ್ಡೆ, ಸೋಂಕು, ಜ್ವರ ಇರುವಾಗ ಬೇಡವೇ ಬೇಡ. ಪಾಮರೇನಿಯನ್, ಚಿವಾವಾದಂತಹ ಪುಟ್ಟ ನಾಯಿಗಳ ಕುತ್ತಿಗೆ ಮುಟ್ಟಿಸಬೇಡಿ. ಅವುಗಳಲ್ಲಿ ಕೆಲವಕ್ಕೆ ಕುತ್ತಿಗೆಯ ಮೊದಲ ಎರಡು ಮೂಳೆಗಳ ಕಟ್ಟು ಹುಟ್ಟಿನಿಂದಲೇ ಸಡಿಲ ಇರುತ್ತದೆ. ಒಂದು ತಪ್ಪು ತಳ್ಳಿಗೆ ನಾಲ್ಕೂ ಕಾಲು ಹೋಗಬಹುದು, ಉಸಿರೂ ನಿಲ್ಲಬಹುದು.

ಹಾಗಾದರೆ ಯಾವ ನಾಯಿಗೆ ಸರಿ? ಕಾರಣ ಏನೆಂದು ಪಶುವೈದ್ಯರು ಹುಡುಕಿ ಆಗಿದೆ, ನರದ ಪರೀಕ್ಷೆ ಪೂರ್ತಿ ಸರಿ ಇದೆ, ಆದರೂ ಮೈ ಗಡುಸಾಗಿದೆ. ಉದಾಹರಣೆಗೆ ಸೊಂಟದ ಕೀಲು ಸವೆದ ಹತ್ತು ವರ್ಷದ ಲ್ಯಾಬ್ರಡಾರ್. ಹಿಂಗಾಲಿನ ಭಾರವನ್ನು ಮುಂದಕ್ಕೆ ಹಾಕಿ ಹಾಕಿ ಅದರ ಭುಜ, ಬೆನ್ನು ಬಿಗಿದಿರುತ್ತದೆ. ಇಂತಹ ನಾಯಿಗೆ ನೋವಿನ ಔಷಧಿ, ತೂಕ ಇಳಿಸುವುದು, ಫಿಸಿಯೊಥೆರಪಿಯ ಜೊತೆಗೆ ಇದನ್ನೂ ಮಾಡಿ ನೋಡಬಹುದು. ಎರಡು ಮೂರು ಸಲಕ್ಕೆ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಮಾರನೇ ದಿನ ಸ್ವಲ್ಪ ಮೈನೋವು ಇರಬಹುದು. ಕಾಲು ವಾಲಿದರೆ ಅದು ಮೈನೋವಲ್ಲ, ಆಸ್ಪತ್ರೆಗೆ ಹೋಗಿ.

ಯಾರ ಹತ್ತಿರ ಅನ್ನುವುದೇ ನಮ್ಮಲ್ಲಿ ಕಷ್ಟದ ಪ್ರಶ್ನೆ. ಭಾರತದಲ್ಲಿ 1984ರ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಪ್ರಾಣಿಗಳಿಗೆ ಚಿಕಿತ್ಸೆ ಕೊಡುವ ಹಕ್ಕು ನೋಂದಾಯಿತ ಪಶುವೈದ್ಯರದು. ಇಂಗ್ಲೆಂಡಿನಲ್ಲಿ ಪಶುವೈದ್ಯರಲ್ಲದವರು ಕೈಚಿಕಿತ್ಸೆ ಮಾಡಬಹುದು, ಆದರೆ ಪಶುವೈದ್ಯರು ನಾಯಿಯನ್ನು ಪರೀಕ್ಷಿಸಿ ಬರೆದುಕೊಟ್ಟ ಮೇಲೆ ಮಾತ್ರ. ಹೊರದೇಶದಲ್ಲಿರುವವರು ತಮ್ಮ ಊರಿನ ನಿಯಮ ಕೇಳಿಕೊಳ್ಳಿ. ಎಲ್ಲೇ ಆಗಲಿ, ಮೊದಲು ನೀವು ಕೇಳಬೇಕಾದದ್ದು: "ಪ್ರಾಣಿಗಳ ಮೇಲೆ ಮಾಡಲು ಎಲ್ಲಿ ಕಲಿತಿರಿ? ಇವನ ರಿಪೋರ್ಟ್ ನೋಡುತ್ತೀರಾ? ನರದ ಪರೀಕ್ಷೆ ಮಾಡುತ್ತೀರಾ?" ನಾನು ಹೋದ ಕಡೆ ಈ ಮೂರನ್ನೂ ಕೇಳಿರಲಿಲ್ಲ. ರಿಪೋರ್ಟ್ ಕೇಳದೆ ನೇರ ಕೈ ಹಾಕುವವರಿಂದ ನಾಯಿಯನ್ನು ಎತ್ತಿಕೊಂಡು ಬಂದುಬಿಡಿ.

ಕೇಜ್ ರೆಸ್ಟ್: ಬಹಳಷ್ಟು ಮನೆಗಳು ಸೋಲುವುದು ಇಲ್ಲಿ

ಒಂದು, ಎರಡನೇ ಹಂತದ ಡಿಸ್ಕ್ ನೋವಿಗೆ ಮುಖ್ಯ ಮದ್ದು ಕನಿಷ್ಠ 4 ವಾರ ಓಡಾಟ ಕಟ್ಟು ಮಾಡುವುದು. ಹರಿದ ಉಂಗುರ ಕೂಡಿಕೊಳ್ಳಲು ಅಷ್ಟು ಸಮಯ ಬೇಕು. ನಾಯಿ ನಿಲ್ಲಲು, ತಿರುಗಲು, ಚಾಚಿ ಮಲಗಲು ಆಗುವಷ್ಟು ಕೇಜ್ ಸಾಕು. ಮೂತ್ರಕ್ಕೆ ಎತ್ತಿಕೊಂಡು ಹೋಗಿ, ಹೊಟ್ಟೆ ಕೆಳಗೆ ಟವೆಲ್ ಆಸರೆ ಕೊಟ್ಟು, ಬೆಲ್ಟ್ ಹಿಡಿದು, ಐದು ನಿಮಿಷದಲ್ಲಿ ವಾಪಸ್.

ನಾಲ್ಕನೇ ದಿನ ನೋವಿನ ಔಷಧಿ ಕೆಲಸ ಮಾಡುತ್ತದೆ, ನಾಯಿ ಬಾಲ ಆಡಿಸುತ್ತದೆ, ಕೇಜ್ ಕೆರೆಯುತ್ತದೆ. ನಮ್ಮಮ್ಮ "ಪಾಪ ಕಣೇ, ಜೈಲಿಗೆ ಹಾಕಿದ ಹಾಗೆ ಹಾಕಿದ್ದೀಯ, ಬಿಡೇ" ಅಂತ ಕಣ್ಣೀರು ಹಾಕಿದರು. ಆ ದಿನವೇ ಅತಿ ಅಪಾಯದ ದಿನ. ನೋವು ಹೋಗಿರುತ್ತದೆ, ಉಂಗುರ ಕೂಡಿರುವುದಿಲ್ಲ. ಒಂದು ಜಿಗಿತಕ್ಕೆ ಮತ್ತೆ ಹರಿಯುತ್ತದೆ. ಗುಂಡನ ಕೇಜನ್ನು ಅಡುಗೆಮನೆ ಬಾಗಿಲಿಗೆ ತಂದಿಟ್ಟೆವು, ಎಲ್ಲರೂ ಕಾಣುವ ಹಾಗೆ. ಅಮ್ಮ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು. ಇಬ್ಬರಿಗೂ ಸಮಾಧಾನವಾಯಿತು.

ಈ ದಿನಗಳಲ್ಲಿ ದಿನಕ್ಕೆ ಎರಡು ಸಲ ಪಾದದ ಪರೀಕ್ಷೆ ಮಾಡಿ ಬರೆದಿಡಿ. ಕೆಟ್ಟರೆ ಅವತ್ತೇ ಡಾಕ್ಟರಿಗೆ ಫೋನ್. ಮೂತ್ರಕೋಶ ಗಟ್ಟಿ ಚೆಂಡಿನ ಹಾಗೆ ಕೈಗೆ ಸಿಕ್ಕರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ, ದಿನಕ್ಕೆ ಮೂರು ಸಲ ಕೈಯಿಂದ ಖಾಲಿ ಮಾಡಿಸುವುದನ್ನು ಅವರಿಂದ ಕಲಿಯಬೇಕಾಗುತ್ತದೆ. ಗುಂಡ ಆರನೇ ವಾರಕ್ಕೆ ಸರಿಯಾಗಿ ನಡೆದ. ಎಡಗಾಲು ಈಗಲೂ ತಿರುವಿನಲ್ಲಿ ಸ್ವಲ್ಪ ಹೊರಗೆ ಹೋಗುತ್ತದೆ.

ಮತ್ತೆ ಮತ್ತೆ ಬರುತ್ತಿದ್ದರೆ ಮನೆಯನ್ನು ಪರೀಕ್ಷಿಸಿ

ಮೊದಲು ನೆಲ. ಟೈಲ್ಸ್, ಗ್ರಾನೈಟ್ ಮೇಲೆ ನಾಯಿ ಪ್ರತಿ ಹೆಜ್ಜೆಗೂ ಜಾರುತ್ತದೆ, ಪ್ರತಿ ಜಾರಿಗೂ ಬೆನ್ನು ಹಿಡಿದುಕೊಳ್ಳುತ್ತದೆ. ಅದು ಓಡಾಡುವ ದಾರಿಗೆ ರಬ್ಬರ್ ಮ್ಯಾಟ್ ಹಾಸಿ. ಪಾದದಡಿಯ ಕೂದಲು ಕತ್ತರಿಸಿ, ಉಗುರು ಉದ್ದ ಬಿಡಬೇಡಿ. ಸೋಫಾ, ಮಂಚಕ್ಕೆ ಇಳಿಜಾರು ಹಲಗೆ ಇಡಿ, ಅಥವಾ ಹತ್ತುವುದನ್ನೇ ತಪ್ಪಿಸಿ. ಮೆಟ್ಟಿಲಿಗೆ ಗೇಟ್ ಹಾಕಿ. ಕುತ್ತಿಗೆ ನೋವು ಬಂದ ನಾಯಿಗೆ ಕಾಲರ್ ಬೇಡ, ಎದೆಗೆ ಹಾಕುವ ಬೆಲ್ಟ್ ಇರಲಿ.

ತೂಕವನ್ನು ಕೈಯಿಂದಲೇ ನೋಡಬಹುದು. ಪಕ್ಕೆಲುಬಿನ ಮೇಲೆ ಅಂಗೈ ಸವರಿ. ಒತ್ತದೆಯೇ ಎಲುಬು ಎಣಿಸಲು ಆಗಬೇಕು. ಒತ್ತಿ ಹುಡುಕಬೇಕು ಅಂದರೆ ತೂಕ ಜಾಸ್ತಿ. ಟೀ ಜೊತೆ ಮನೆಯವರೆಲ್ಲ ಒಂದೊಂದು ಬಿಸ್ಕೆಟ್ ಕೊಟ್ಟರೆ ಹತ್ತು ಕೆಜಿಯ ನಾಯಿಗೆ ಅದೇ ಒಂದು ಊಟ.

ಕೊನೆಗೆ ಸ್ಕೂಟರ್. ಮುಂದಿನ ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು ಹೋಗುವುದು ನಮ್ಮ ಕಡೆ ಎಲ್ಲೆಲ್ಲೂ ಇದೆ, ನಾವೂ ಹಾಗೇ ಮಾಡುತ್ತಿದ್ದೆವು. ಪ್ರತಿ ಹಂಪ್‌ನ ಪೆಟ್ಟನ್ನೂ ನಿಂತ ನಾಯಿಯ ಬೆನ್ನು ತಾಳಬೇಕು, ಗಾಡಿ ನಿಂತ ಕೂಡಲೇ ಅದು ಕೆಳಗೆ ಜಿಗಿಯುತ್ತದೆ. ಬೆನ್ನುನೋವು ಒಮ್ಮೆ ಬಂದ ನಾಯಿಗೆ ಆಟೊ ಮಾಡಿ. ತೊಡೆಯ ಮೇಲೆ ಬೇಡ, ಬುಟ್ಟಿಯಲ್ಲಿ ಟವೆಲ್ ಹಾಸಿ ಮಲಗಿಸಿ, ಬುಟ್ಟಿಯನ್ನು ಎರಡು ಕಾಲಿನ ನಡುವೆ ಇಟ್ಟುಕೊಳ್ಳಿ. ಇಳಿಯುವಾಗ ಬುಟ್ಟಿ ಸಮೇತ ಇಳಿಸಿ.